ಕಿಶೋರಶಿಕ್ಷೆ: ಓಟ ನೆಗೆತಗಳ ಅಭ್ಯಾಸದಲ್ಲಿ ವಯಸ್ಸಿನ ವಿಚಾರ

ಸಂಸ್ಕೃತದಲ್ಲಿ ಕಿಶೋರಶಬ್ದಕ್ಕೆ ಮೊದಲ ಅರ್ಥ ಕುದುರೆಯ ಮರಿ ಎಂದು. ಅಮರಸಿಂಹನು ತನ್ನ ಕೋಶದಲ್ಲಿ ಈ ಶಬ್ದವನ್ನು ಮನುಷ್ಯವರ್ಗದಲ್ಲಿ ಹೇಳದೆ, ಕ್ಷತ್ರಿಯವರ್ಗದಲ್ಲಿ ಆನೆ ಕುದುರೆ ರಥಗಳ ಸಾಲಿನಲ್ಲಿ ಹೇಳಿರುತ್ತಾನೆ. ಹದಿನೈದರ ಹುಡುಗನಿಗೆ ಅದು ಹೆಸರಾಗಿ ನಿಂತದ್ದು ಲಕ್ಷಣಾವೃತ್ತಿಯಿಂದ. ಅದೇ ಕೋಶದ ವೈಶ್ಯವರ್ಗದಲ್ಲಿ ಗೋವುಗಳ ಪ್ರಕರಣವನ್ನು ನೋಡಿದರೆ, ಎಳೆಗರುವಿಗೆ ವತ್ಸವೆಂದೂ, ನೊಗಕ್ಕೆ ಪಳಗಿಸತಕ್ಕ ಪ್ರಾಯದ ಹೋರಿಗೆ ದಮ್ಯ, ವತ್ಸತರವೆಂದೂ, ಮುದಿಯೆತ್ತಿಗೆ ಜರದ್ಗವವೆಂದೂ ಬೇರೆಬೇರೆ ಹೆಸರುಗಳಿರುವುವು. ದಮ್ಯವೆಂದರೆ ಪಳಗಿಸಲು ಯೋಗ್ಯವಾದುದು. ಅದಕ್ಕಿಂತ ಎಳೆಯದಾದುದಕ್ಕೆ ಆ ಹೆಸರಿಲ್ಲ. ಪಳಗಿಸುವುದಕ್ಕೂ ಒಂದು ಕಾಲವುಂಟು, ಅದಕ್ಕೆ ಮುಂಚೆ ಕೈಹಾಕಲಾಗದು ಎಂಬ ವಿವೇಕವು ಹೀಗೆ ಶಬ್ದದಲ್ಲಿಯೇ ಅಡಗಿರುವುದು.

ಇನ್ನೊಂದು ಶಬ್ದವನ್ನೂ ಇಲ್ಲಿ ನೆನೆಯಬೇಕು. ಶಿಕ್ಷಾ ಎಂದರೆ ಸಂಸ್ಕೃತದಲ್ಲಿ ಕಲಿಕೆ, ಕಲಿಸುವಿಕೆ. ಅದು ಕನ್ನಡಕ್ಕೆ ಬಂದು ಶಿಕ್ಷೆಯಾದಾಗ ದಂಡನೆ ಎಂಬ ಅರ್ಥವನ್ನೂ ಹೊತ್ತುಕೊಂಡಿತು. ಹುಡುಗ ಹುಡುಗಿಯರಿಗೆ ಓಟ, ನೆಗೆತ, ಎಸೆತಗಳನ್ನು ಕಲಿಸಿದ ಚರಿತ್ರೆಯೆಲ್ಲವೂ ಈ ಎರಡು ಅರ್ಥಗಳ ನಡುವೆ ತೂಗಾಡಿದ ಚರಿತ್ರೆಯೆಂದು ಹೇಳಿದರೆ ತಪ್ಪಾಗಲಾರದು. ಎಲ್ಲಿ ಕಾಯುವ ತಾಳ್ಮೆಯಿತ್ತೋ ಅಲ್ಲಿ ಅದು ಕಲಿಕೆಯಾಯಿತು. ಎಲ್ಲಿ ಅವಸರವಿತ್ತೋ ಅಲ್ಲಿ ದಂಡನೆಯಾಯಿತು.

೧

ಅಜ್ಜಂಪುರದ ಸೀಮೆಯವರಿಗೆ ದಮ್ಯಶಬ್ದದ ಅರ್ಥವನ್ನು ಕೋಶ ತೆರೆದು ತಿಳಿಸಬೇಕಾದುದಿಲ್ಲ. ಅಮೃತ ಮಹಲ್ ತಳಿಯ ಹೆಸರನ್ನು ಕೇಳಿದವರು ಅಜ್ಜಂಪುರದ ಹೆಸರನ್ನೂ ಕೇಳಿಯೇ ಇರುತ್ತಾರೆ. ಮೈಸೂರಿನ ಚಿಕ್ಕದೇವರಾಜ ಒಡೆಯರ (೧೬೭೩-೧೭೦೪) ಕಾಲದಲ್ಲಿ ಬೆಣ್ಣೆಚಾವಡಿಯೆಂಬ ಹೆಸರಿನಿಂದ ಇದ್ದ ಈ ಸಂಸ್ಥೆಗೆ ಅಮೃತ ಮಹಲ್ ಎಂಬ ಹೆಸರನ್ನಿಟ್ಟವನು ಟಿಪ್ಪು ಸುಲ್ತಾನನು. ಈ ಎತ್ತುಗಳ ಬಲದಿಂದಲೇ ಹೈದರನು ಚಿದಂಬರದ ರಕ್ಷಣೆಗಾಗಿ ನೂರು ಮೈಲಿಗಳ ದಾರಿಯನ್ನು ಎರಡೂವರೆ ದಿನಗಳಲ್ಲಿ ಕ್ರಮಿಸಿದನೆಂದು ಮೈಸೂರು ಗ್ಯಾಸೆಟಿಯರಿನಲ್ಲಿ ಹೇಳಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ ಮಂದೆಗಳು ಇಂಗ್ಲಿಷರ ವಶವಾದವು. ೧೮೧೩ರಲ್ಲಿ ಕ್ಯಾಪ್ಟನ್ ಹಾರ್ವೆ ಎಂಬ ಅಧಿಕಾರಿಯು ಇವುಗಳ ಮೇಲ್ವಿಚಾರಣೆಗೆ ನಿಯಮಿತನಾದನು.

ಪ್ರಕೃತ ವಿಷಯಕ್ಕೆ ಬೇಕಾದುದು ಈ ಎತ್ತುಗಳ ಯುದ್ಧಸಾಹಸವಲ್ಲ, ಅವುಗಳನ್ನು ಬೆಳೆಸಿದ ರೀತಿ. ಬೇಸಿಗೆಗೆ ಒಂದು, ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು ಎಂದು ಕಾವಲುಗಳನ್ನು ವಿಂಗಡಿಸಿ, ಋತುವಿಗೆ ತಕ್ಕಂತೆ ಮಂದೆಗಳನ್ನು ನಡೆಸುತ್ತಿದ್ದರು. ಹೋರಿಗರುವು ತಾಯಿಯೊಡನೆ, ಮಂದೆಯೊಡನೆ, ಬಯಲಿನಲ್ಲಿ ಓಡಾಡಿಕೊಂಡು ಬೆಳೆಯುತ್ತಿತ್ತು. ಅದಕ್ಕೆ ಮೂಗುದಾರವೂ ಇಲ್ಲ, ಹೊರೆಯೂ ಇಲ್ಲ. ನಾಲ್ಕು ವರ್ಷ ಕಳೆದ ಮೇಲೆ ಅದನ್ನು ಮಂದೆಯಿಂದ ಬೇರ್ಪಡಿಸಿ, ಆಮೇಲೆ ಪಳಗಿಸಿ, ಸರಕಾರದ ಕೆಲಸಕ್ಕೆ ಒಪ್ಪಿಸುತ್ತಿದ್ದರು. ಏಳನೆಯ ವರ್ಷಕ್ಕೆ ಅದರ ಬಲವು ಪೂರ್ಣವಾಗುವುದೆಂದೂ, ಹನ್ನೆರಡಕ್ಕೆ ಕಸುವು ಇಳಿಯತೊಡಗುವುದೆಂದೂ, ಹದಿನೆಂಟರ ಸುಮಾರಿಗೆ ಆಯುಸ್ಸು ತೀರುವುದೆಂದೂ ರೈಸ್ ಸಾಹೇಬನು ಬರೆದಿಟ್ಟಿದ್ದಾನೆ. ಹದಿನೆಂಟು ವರ್ಷ ಬಾಳುವ ಪ್ರಾಣಿಗೆ ಮೊದಲ ನಾಲ್ಕು ವರ್ಷಗಳನ್ನು ಬರಿಯ ಬೆಳವಣಿಗೆಗೆಂದು ಬಿಟ್ಟುಕೊಟ್ಟ ಲೆಕ್ಕಾಚಾರವನ್ನು ವಾಚಕರು ಗಮನಿಸಬೇಕು. ಎರಡು ವರ್ಷದ ಕರುವಿಗೆ ಫಿರಂಗಿಯ ಗಾಡಿಯನ್ನು ಹೂಡಿದರೆ ಅದು ಎಳೆಯದೆ ಇರುತ್ತಿರಲಿಲ್ಲ. ಆದರೆ ಏಳನೆಯ ವರ್ಷದಲ್ಲಿ ಅದು ಎಳೆಯುವಂತಿರುತ್ತಿರಲಿಲ್ಲ.

ಈ ತಾಳ್ಮೆಗೆ ವೆಚ್ಚವುಂಟು. ದುಡಿಯದ ಪ್ರಾಣಿಯನ್ನು ನಾಲ್ಕು ವರ್ಷ ಮೇಯಿಸುವ ಶಕ್ತಿಯು ಬಡರೈತನಿಗೆ ಇರಲಿಲ್ಲ, ಅರಮನೆಗೆ ಇತ್ತು. ೧೮೬೦ರಲ್ಲಿ ಮಿತವ್ಯಯದ ನೆಪದಿಂದ ಸರಕಾರವು ಈ ಸಂಸ್ಥೆಯನ್ನು ಮುಚ್ಚಿ ಮಂದೆಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳೊಳಗೆ ಸೈನ್ಯಕ್ಕೆ ತಕ್ಕ ಎತ್ತುಗಳು ದೊರೆಯದೆ, ಚದುರಿಹೋದ ತಳಿಯನ್ನು ಹುಡುಕಿ ಹುಡುಕಿ ಮತ್ತೆ ಕೂಡಿಸಬೇಕಾಯಿತು. ೧೮೮೨ರಲ್ಲಿ ಅದು ಮೈಸೂರು ಸರಕಾರಕ್ಕೆ ಸೇರಿತು. ಇಂದಿಗೂ ಅಜ್ಜಂಪುರದಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವು ನಡೆದುಬರುತ್ತಿದೆ. ತಲೆಮಾರುಗಳ ತಾಳ್ಮೆಯಿಂದ ಬಂದುದನ್ನು ಒಂದು ಕಾಗದದಿಂದ ಕಳೆದುಕೊಳ್ಳಬಹುದು, ಆದರೆ ಒಂದು ಕಾಗದದಿಂದ ಪಡೆಯಲಾಗದು ಎಂಬ ಪಾಠವು ಈ ಊರಿನ ಕಾವಲುಗಳಲ್ಲಿಯೇ ಇರುವುದು.

೨

ಮನುಷ್ಯಶಿಶುವಿನ ವಿಷಯದಲ್ಲಿ ಪ್ರಾಚೀನರು ಏನು ಹೇಳಿದರು? ಸುಶ್ರುತಾಚಾರ್ಯನು ಸೂತ್ರಸ್ಥಾನದಲ್ಲಿ ವಯಸ್ಸನ್ನು ವಿಭಾಗಿಸುವಾಗ, ಹದಿನಾರರವರೆಗೆ ಬಾಲ್ಯವೆಂದೂ, ಇಪ್ಪತ್ತರವರೆಗೆ ವೃದ್ಧಿಯೆಂದೂ, ಮೂವತ್ತರವರೆಗೆ ಯೌವನವೆಂದೂ, ನಲವತ್ತರವರೆಗೆ ಧಾತು, ಇಂದ್ರಿಯ, ಬಲ, ವೀರ್ಯಗಳ ಸಂಪೂರ್ಣತೆಯೆಂದೂ, ಅಲ್ಲಿಂದ ಮುಂದೆ ಮೆಲ್ಲಮೆಲ್ಲನೆ ಇಳಿತವೆಂದೂ ನಿರ್ಣಯಿಸಿದ್ದಾನೆ. ವೃದ್ಧಿ, ಯೌವನ, ಸಂಪೂರ್ಣತೆ ಎಂಬ ಈ ಮೂರು ಮೆಟ್ಟಿಲುಗಳನ್ನು ಇಂದಿನ ಓಟಗಾರರ ಆಯುಸ್ಸಿನ ಪಕ್ಕದಲ್ಲಿ ಇಟ್ಟುನೋಡಿದರೆ ಆಶ್ಚರ್ಯವಾಗುವಷ್ಟು ಹೊಂದಿಕೆ ಕಾಣುವುದು.

ವ್ಯಾಯಾಮದ ಪ್ರಮಾಣವನ್ನು ಹೇಳುವಾಗ ಅದೇ ಆಚಾರ್ಯನು, ತನಗಿರುವ ಬಲದ ಅರ್ಧದಷ್ಟನ್ನು ಮಾತ್ರ ವಿನಿಯೋಗಿಸಬೇಕೆಂದು ವಿಧಿಸಿ, ಉಸಿರು ಬಾಯಿಗೆ ಬಂದ ಕ್ಷಣವೇ ಆ ಅರ್ಧದ ಗುರುತೆಂದು ತಿಳಿಸುತ್ತಾನೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಇನ್ನೂ ಕಟುವಾಗಿ, ಬಾಲಕರೂ ವೃದ್ಧರೂ ಅಜೀರ್ಣದವರೂ ವ್ಯಾಯಾಮವನ್ನು ಬಿಡಬೇಕೆನ್ನುತ್ತಾನೆ. ಮಿತಿ ಮೀರಿ ಶ್ರಮಿಸುವವನು, ಆನೆಯನ್ನು ಎಳೆಯಹೋದ ಸಿಂಹದಂತೆ ತಾನೇ ನಾಶವಾಗುವನೆಂದು ಎಚ್ಚರಿಸುತ್ತಾನೆ. ಹುಡುಗರು ಆಡಲೇಕೂಡದೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ಆಚಾರ್ಯನ ಅಭಿಪ್ರಾಯವಲ್ಲ. ದೇಹಕ್ಕೆ ಆಯಾಸವನ್ನುಂಟುಮಾಡಲೆಂದೇ ಮಾಡುವ ಕರ್ಮವು ವ್ಯಾಯಾಮ. ಚಿನ್ನಿದಾಂಡು, ಮರಕೋತಿ, ಲಗೋರಿಗಳು ಕ್ರೀಡೆ. ಕ್ರೀಡೆಯಲ್ಲಿ ದಣಿದ ಮಗುವು ತಾನಾಗಿ ಕುಳಿತುಕೊಳ್ಳುತ್ತದೆ. ವ್ಯಾಯಾಮದಲ್ಲಿ ಎದ್ದು ನಿಲ್ಲೆನ್ನುವವನು ಮತ್ತೊಬ್ಬನಿರುತ್ತಾನೆ. ಆ ಮತ್ತೊಬ್ಬನ ವಿವೇಕವೇ ಇಲ್ಲಿ ಪ್ರಶ್ನೆ.

ಇದೇ ಮಾತನ್ನು ಯವನದೇಶದ ಅರಿಸ್ಟಾಟಲನು ತನ್ನ ರಾಜ್ಯಶಾಸ್ತ್ರದ ಎಂಟನೆಯ ಭಾಗದಲ್ಲಿ ಲೆಕ್ಕ ಹಾಕಿಯೇ ಹೇಳಿದನು. ಒಲಿಂಪಿಯಾದ ವಿಜಯಿಗಳ ಪಟ್ಟಿಯನ್ನು ತೆಗೆದುನೋಡಿದರೆ, ಬಾಲಕರ ಪಂದ್ಯದಲ್ಲಿಯೂ ಗೆದ್ದು ದೊಡ್ಡವರ ಪಂದ್ಯದಲ್ಲಿಯೂ ಗೆದ್ದವರು ಇಬ್ಬರೋ ಮೂವರೋ ಮಾತ್ರವೆಂದೂ, ಎಳವೆಯ ಕಠಿಣಾಭ್ಯಾಸವು ಅವರ ಶಕ್ತಿಯನ್ನು ಹೀರಿದುದೇ ಕಾರಣವೆಂದೂ ಅವನ ವಾದ. ಆದಕಾರಣ ಪ್ರಾಯ ಬರುವವರೆಗೆ ಹಗುರವಾದ ಅಭ್ಯಾಸವೇ ಸಾಕು, ಬಳಿಕ ಮೂರು ವರ್ಷ ಬೇರೆ ವಿದ್ಯೆಗಳಿಗೆ ಮೀಸಲು, ಆಮೇಲೆ ಕಠಿಣಶ್ರಮ ಎಂದು ಅವನ ವಿಧಾನ. ದೇಹವೂ ಬುದ್ಧಿಯೂ ಒಂದೇ ಕಾಲದಲ್ಲಿ ದುಡಿಯಲಾರವು, ಒಂದರ ದುಡಿಮೆ ಇನ್ನೊಂದಕ್ಕೆ ಅಡ್ಡಿಯೆಂಬುದೂ ಅವನ ಮಾತೇ. ಹತ್ತನೆಯ ತರಗತಿಯ ಪರೀಕ್ಷೆಯನ್ನೂ ಜಿಲ್ಲಾಕ್ರೀಡಾಕೂಟವನ್ನೂ ಒಟ್ಟಿಗೆ ಹೊತ್ತಿರುವ ಮಕ್ಕಳ ತಂದೆತಾಯಿಗಳು ಈ ಮಾತನ್ನು ಇಪ್ಪತ್ತಮೂರು ಶತಮಾನಗಳ ಹಳತೆಂದು ತಳ್ಳಿಹಾಕಲಾರರು.

ಅರಿಸ್ಟಾಟಲನು ಹೇಳಿದ ಆ ಇಬ್ಬರು ಮೂವರಂತಹವರಲ್ಲಿ ಕ್ರೋಟನ್ ನಗರದ ಮೈಲೋ ಎಂಬ ಜಟ್ಟಿಯು ಪ್ರಸಿದ್ಧನು. ಕ್ರಿಸ್ತಪೂರ್ವ ೫೪೦ರ ಒಲಿಂಪಿಯಾದಲ್ಲಿ ಬಾಲಕರ ಕುಸ್ತಿಯನ್ನು ಗೆದ್ದ ಇವನು, ಅನಂತರ ದೊಡ್ಡವರ ಕುಸ್ತಿಯನ್ನು ಐದು ಬಾರಿ ಗೆದ್ದನು. ಅವನ ವಿಷಯದಲ್ಲಿ ಒಂದು ಐತಿಹ್ಯವುಂಟು. ಒಂದು ಎಳೆಗರುವನ್ನು ದಿನವೂ ಹೆಗಲ ಮೇಲೆ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದಂತೆ ಇವನ ಬಲವೂ ಬೆಳೆದು, ಕಡೆಗೆ ಪೂರ್ಣವೃಷಭವನ್ನೇ ಹೊತ್ತನಂತೆ. ಕಥೆಯ ಸತ್ಯಾಸತ್ಯವು ಹೇಗಾದರೂ ಇರಲಿ, ಭಾರವು ಕರುವಿನ ವೇಗದಲ್ಲಿ ಬೆಳೆಯಬೇಕೇ ಹೊರತು ಹೊರುವವನ ಆಸೆಯ ವೇಗದಲ್ಲಲ್ಲ ಎಂಬ ತತ್ತ್ವವು ಅದರಲ್ಲಿ ಸ್ಪಷ್ಟವಾಗಿದೆ.

೩

ಕನ್ನಡನಾಡಿನಲ್ಲಿ ಈ ವಿದ್ಯೆಯನ್ನು ಶಾಸ್ತ್ರವಾಗಿ ಬರೆದಿಟ್ಟವನು ಒಬ್ಬ ದೊರೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನಿಗೆ ಭೂಲೋಕಮಲ್ಲನೆಂದೇ ಬಿರುದು. ೧೧೨೯ರ ಸುಮಾರಿಗೆ ಅವನು ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದವೆಂಬ ಪ್ರಕರಣವಿದೆ. ಅದರಲ್ಲಿ ಮಲ್ಲರನ್ನು ವಯಸ್ಸು, ದೇಹಪ್ರಮಾಣ, ಬಲಗಳಿಗೆ ಅನುಸಾರವಾಗಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲವೆಂದು ವಿಂಗಡಿಸಿ, ಅವರ ಅಭ್ಯಾಸವನ್ನೂ ಆಹಾರವನ್ನೂ ನಿರೂಪಿಸಿದ್ದಾನೆ. ಕನ್ನಡದ ಜಟ್ಟಿ ಎಂಬ ಮಾತಿಗೂ ಈ ಜ್ಯೇಷ್ಠಶಬ್ದವೇ ಮೂಲವೆಂದು ವಿದ್ವಾಂಸರ ಮತ.

ಈ ಪ್ರಕರಣದಲ್ಲಿ ಎರಡು ಅಂಶಗಳು ಮುಖ್ಯವಾದುವು. ಎಲ್ಲರಿಗೂ ಒಂದೇ ಅಭ್ಯಾಸವೆಂಬುದು ಅಲ್ಲಿ ಇಲ್ಲ. ಯಾರ ಪ್ರಾಯವೇನು, ಗಾತ್ರವೇನು ಎಂದು ಮೊದಲು ನೋಡಬೇಕು. ಎರಡನೆಯದಾಗಿ, ಬೇಳೆ, ಮಾಂಸ, ಹಾಲು, ಸಕ್ಕರೆ, ಭಕ್ಷ್ಯಗಳನ್ನು ಮಲ್ಲರಿಗೆ ಒದಗಿಸುವ ಭಾರವು ರಾಜನ ಮೇಲಿದೆ. ಕಾವಲಿನ ಹೋರಿಯಂತೆಯೇ ಮಲ್ಲನೂ, ದುಡಿಯುವ ಮೊದಲು ಉಣ್ಣತಕ್ಕವನು. ಕಾಯುವ ಶಾಸ್ತ್ರವನ್ನು ಬರೆದವನೇ ಕಾಯುವ ವೆಚ್ಚವನ್ನೂ ಹೊತ್ತನೆಂಬುದು ಆ ದೊರೆಯ ಹಿರಿಮೆ.

ಊರ ಗರಡಿಗಳಲ್ಲಿ ಈ ಪದ್ಧತಿಯ ಛಾಯೆಯು ಬಹುಕಾಲ ಉಳಿದಿತ್ತು. ಗರಡಿಗೆ ಹೊಸದಾಗಿ ಸೇರಿದ ಹುಡುಗನು ಮೊದಲು ಮಟ್ಟಿಯ ಮಣ್ಣನ್ನು ಅಗೆದು ಹದಮಾಡಬೇಕು, ಸಾಮು ಬಸ್ಕಿಗಳನ್ನು ತೆಗೆಯಬೇಕು, ದೊಡ್ಡವರ ಪಟ್ಟುಗಳನ್ನು ಬದಿಯಲ್ಲಿ ನಿಂತು ನೋಡಬೇಕು. ಮಣ್ಣು ಅಗೆಯುವಾಗಲೇ ಬೆನ್ನು ಭುಜಗಳು ಬಲಿಯುತ್ತಿದ್ದುವು. ಪಂದ್ಯದ ಮಾತು ಆಮೇಲೆ.

೪

ಈಗಿನ ರೀತಿಯ ಓಟದ ಪಂದ್ಯಗಳು ಬಂದಾಗ ಈ ವಿವೇಕವು ಅವುಗಳೊಡನೆ ಬರಲಿಲ್ಲ. ಪುಣೆಯ ಡೆಕ್ಕನ್ ಜಿಮಖಾನಾದಲ್ಲಿ ಹಳ್ಳಿಯ ಹುಡುಗರು ಬರಿಗಾಲಿನಲ್ಲಿ ಓಡುವುದನ್ನು ೧೯೧೯ರಲ್ಲಿ ಕಂಡು ಸರ್ ದೋರಾಬ್ಜಿ ಟಾಟಾ ಅವರು, ೧೯೨೦ರ ಆಂಟ್‌ವರ್ಪ್ ಒಲಿಂಪಿಕ್ಸಿಗೆ ಭಾರತದ ಒಂದು ಸಣ್ಣ ತಂಡವನ್ನು ಕಳುಹಿಸಲು ನೆರವಾದರು. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಎಂಬ ತರುಣನಿದ್ದನು. ೧೯೦೨ರಲ್ಲಿ ಹುಟ್ಟಿದ ಅವನಿಗೆ ಆಗ ಹದಿನೆಂಟರ ಪ್ರಾಯ. ಆ ವರ್ಷದ ಮ್ಯಾರಥಾನ್ ಓಟದ ದೂರವು ೪೨.೭೫ ಕಿಲೋಮೀಟರು, ಅಂದರೆ ಇಂದಿನ ದೂರಕ್ಕಿಂತಲೂ ಅರ್ಧ ಕಿಲೋಮೀಟರಿನಷ್ಟು ಹೆಚ್ಚು. ಬೆಳಗಾವಿಯ ಈ ಹುಡುಗನು ಅದನ್ನು ೨ ಗಂಟೆ ೫೦ ನಿಮಿಷ ೪೫ ಸೆಕೆಂಡುಗಳಲ್ಲಿ ಮುಗಿಸಿ ಹತ್ತೊಂಬತ್ತನೆಯವನಾಗಿ ಬಂದನು.

ಇದು ಹೆಮ್ಮೆಪಡತಕ್ಕ ಸಾಧನೆಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಇದರ ಪಕ್ಕದಲ್ಲಿ ಇನ್ನೊಂದು ಸಂಗತಿಯನ್ನು ಇಟ್ಟುನೋಡಬೇಕು. ನಮ್ಮ ಕಾಲದ ಒಲಿಂಪಿಕ್ಸಿನಲ್ಲಿ ಹದಿನೆಂಟು, ಹತ್ತೊಂಬತ್ತರ ಪ್ರಾಯದವರು ಇತರ ಓಟಗಳಲ್ಲಿ ಸ್ಪರ್ಧಿಸಬಹುದಾದರೂ ಮ್ಯಾರಥಾನಿನಲ್ಲಿ ಸ್ಪರ್ಧಿಸಲು ನಿಯಮವು ಅನುಮತಿಯನ್ನು ಕೊಡಲಿಲ್ಲ. ೧೯೨೦ರಲ್ಲಿ ದೇಶದ ಗೌರವಕ್ಕಾಗಿ ಓಡಿದ ಬೆಳಗಾವಿಯ ಹುಡುಗನನ್ನು ಈ ನಿಯಮವು ಪ್ರಾಯ ಸಾಲದೆಂದು ಹಿಂದಕ್ಕೆ ಕಳುಹಿಸುತ್ತಿತ್ತು. ನೂರು ವರ್ಷಗಳಲ್ಲಿ ಜಗತ್ತು ಕಲಿತ ಪಾಠವೆಲ್ಲವೂ ಈ ಒಂದು ನಿಯಮದಲ್ಲಿ ಸಂಗ್ರಹವಾಗಿದೆ.

ಈ ಪಾಠವು ಹೇಗೆ ಕ್ರಮಕ್ರಮವಾಗಿ ನೆಲೆಗೊಂಡಿತೆಂಬುದನ್ನು ಎಸೆತದ ಸಾಮಗ್ರಿಗಳಿಂದಲೇ ತಿಳಿಯಬಹುದು. ದೊಡ್ಡ ಗಂಡಸರು ಎಸೆಯುವ ಕಬ್ಬಿಣದ ಗುಂಡಿನ ತೂಕ ೭.೨೬ ಕಿಲೋಗ್ರಾಮು, ಇಪ್ಪತ್ತರೊಳಗಿನವರಿಗೆ ೬, ಹದಿನೆಂಟರೊಳಗಿನವರಿಗೆ ೫. ಅಡೆತಡೆಯ ಓಟದಲ್ಲಿ ಗಂಡಸರ ಅಡ್ಡಮಣೆಯ ಎತ್ತರ ೧೦೬.೭ ಸೆಂಟಿಮೀಟರು, ಇಪ್ಪತ್ತರೊಳಗೆ ೯೯.೧, ಹದಿನೆಂಟರೊಳಗೆ ೯೧.೪. ಹದಿನೆಂಟರೊಳಗಿನ ಹುಡುಗಿಯರ ಭರ್ಜಿಯು ೫೦೦ ಗ್ರಾಮು, ದೊಡ್ಡವರದು ೬೦೦. ಮೈಲೋವಿನ ಕರುವು ಇಲ್ಲಿ ಅಂಕಿಗಳ ರೂಪದಲ್ಲಿ ಬೆಳೆಯುತ್ತಿದೆ. ತಾಲ್ಲೂಕು ಮೈದಾನದಲ್ಲಿ ಬೇರೆ ಗುಂಡಿಲ್ಲವೆಂದು ಎಳೆಯ ಹುಡುಗನ ಕೈಗೆ ದೊಡ್ಡವರ ಗುಂಡನ್ನು ಕೊಡುವವನು, ತಿಳಿದೋ ತಿಳಿಯದೆಯೋ, ಕರುವಿಗೆ ಫಿರಂಗಿಯನ್ನು ಹೂಡುತ್ತಿರುತ್ತಾನೆ.

ದೇಹದ ಬೆಳವಣಿಗೆಯ ವಿಷಯದಲ್ಲಿ ಈಗಿನ ವೈದ್ಯರು ತಿಳಿಸುವುದೂ ಇದನ್ನೇ. ಹುಡುಗಿಯರು ಹನ್ನೆರಡರ ಸುಮಾರಿನಲ್ಲಿ, ಹುಡುಗರು ಹದಿನಾಲ್ಕರ ಸುಮಾರಿನಲ್ಲಿ, ಒಂದೆರಡು ವರ್ಷಗಳ ಕಾಲ ಬೇಗಬೇಗನೆ ಎತ್ತರ ಬೆಳೆಯುತ್ತಾರೆ. ಆಗ ಎಲುಬಿನ ತುದಿಗಳು ಇನ್ನೂ ಮೃದುವಾಗಿರುವುವು. ಎಲುಬಿನ ಉದ್ದಕ್ಕೆ ಸ್ನಾಯುಗಳು ಹೊಂದಿಕೊಳ್ಳುವುದು ಸ್ವಲ್ಪ ತಡ. ನಿನ್ನೆಯವರೆಗೆ ಸೊಗಸಾಗಿ ನೆಗೆಯುತ್ತಿದ್ದ ಹುಡುಗನು ಇಂದು ಎಡವುತ್ತಾನೆ, ಮೊಣಕಾಲ ಚಿಪ್ಪಿನ ಕೆಳಗೆ ನೋವೆನ್ನುತ್ತಾನೆ. ಇದು ಸೋಮಾರಿತನವಲ್ಲ, ವಯೋಧರ್ಮ. ಮೇಲಾಗಿ ಎಲ್ಲರಿಗೂ ಈ ಬೆಳವಣಿಗೆ ಒಂದೇ ವರ್ಷದಲ್ಲಿ ಬರುವುದಿಲ್ಲ. ಹನ್ನೆರಡಕ್ಕೇ ಮೀಸೆ ಮೂಡಿದವನು ಹೋಬಳಿಯ ಪಂದ್ಯಗಳನ್ನೆಲ್ಲ ಗೆಲ್ಲುತ್ತಾನೆ, ಹದಿನಾರಕ್ಕೆ ಬೆಳೆಯುವವನು ಎಲ್ಲದರಲ್ಲಿಯೂ ಸೋಲುತ್ತಾನೆ. ಬೇಗ ಮಾಗಿದವನನ್ನು ಪ್ರತಿಭಾವಂತನೆಂದು ಎತ್ತಿಕೊಂಡು, ತಡವಾಗಿ ಮಾಗುವವನನ್ನು ಮನೆಗೆ ಕಳುಹಿಸಿದರೆ ಎರಡು ನಷ್ಟಗಳು ಒಟ್ಟಿಗೆ ಆಗುವುವು. ಮೊದಲನೆಯವನು ತನ್ನ ಮಿತಿಯನ್ನು ಬೇಗನೆ ಮುಟ್ಟಿ ಮನಸೋಲುವನು. ಎರಡನೆಯವನು ತನ್ನ ಶಕ್ತಿಯನ್ನು ಎಂದಿಗೂ ಅರಿಯದೆಯೇ ಹೋಗುವನು.

ಹಂಗೇರಿಯಲ್ಲಿ ಹುಟ್ಟಿ ಕೆನಡಾದಲ್ಲಿ ನೆಲಸಿದ ಇಸ್ತ್ವಾನ್ ಬಾಲಿ ಎಂಬ ಪಂಡಿತನು, ೧೯೯೦ರ ದಶಕದಲ್ಲಿ ಈ ಎಲ್ಲವನ್ನೂ ಮೆಟ್ಟಿಲುಗಳಾಗಿ ಜೋಡಿಸಿದನು. ಮೊದಲು ಆಟದ ಸಂತೋಷ, ಬಳಿಕ ಅಭ್ಯಾಸವನ್ನು ಕಲಿಯುವುದು, ಬಳಿಕ ಅಭ್ಯಾಸದಿಂದ ದೇಹವನ್ನು ಕಟ್ಟುವುದು, ಬಳಿಕ ಸ್ಪರ್ಧೆಯನ್ನು ಕಲಿಯುವುದು, ಕಟ್ಟಕಡೆಯಲ್ಲಿ ಗೆಲ್ಲುವುದು. ಗೆಲುವನ್ನು ಮೊದಲ ಮೆಟ್ಟಿಲಿನಲ್ಲಿ ಇಡದೆ ಕೊನೆಯಲ್ಲಿ ಇಟ್ಟುದೇ ಈ ಕ್ರಮದ ಸಾರ. ಅಂತರರಾಷ್ಟ್ರೀಯ ಅಥ್ಲೆಟಿಕ್ ಸಂಸ್ಥೆಯು ಇಪ್ಪತ್ತರೊಳಗಿನವರಿಗೆ ೧೯೮೬ರಲ್ಲಿ ಅಥೆನ್ಸಿನಲ್ಲಿಯೂ, ಹದಿನೆಂಟರೊಳಗಿನವರಿಗೆ ೧೯೯೯ರಲ್ಲಿ ಪೋಲೆಂಡಿನ ಬಿಡ್ಗೋಶ್ಚ್ ನಗರದಲ್ಲಿಯೂ ವಿಶ್ವಕೂಟಗಳನ್ನು ಆರಂಭಿಸಿತು. ಎರಡನೆಯದು ೨೦೧೭ರ ನೈರೋಬಿ ಕೂಟದೊಂದಿಗೆ ನಿಂತಿತು, ಮೊದಲನೆಯದು ಮುಂದುವರಿಯಿತು.

೫

ಈ ಕ್ರಮದ ಫಲವು ಕನ್ನಡನಾಡಿಗೆ ಸಂಬಂಧಪಟ್ಟ ಕೆಲವು ಜೀವನಗಳಲ್ಲಿ ಕಾಣಬರುವುದು. ಮೈಸೂರಿನಲ್ಲಿ ೧೯೮೩ರಲ್ಲಿ ಹುಟ್ಟಿ ಅಮೆರಿಕಾದಲ್ಲಿ ಬೆಳೆದ ವಿಕಾಸ್ ಗೌಡ ಅವರು ಚಕ್ರ ಎಸೆತದಲ್ಲಿ ಪ್ರಸಿದ್ಧರು. ಅವರ ತಂದೆಯೇ ಅಥ್ಲೆಟಿಕ್ಸಿನ ತರಬೇತುದಾರರು. ಗೌಡರು ೨೦೦೪ರಿಂದ ೨೦೧೬ರವರೆಗೆ ನಾಲ್ಕು ಒಲಿಂಪಿಕ್ಸುಗಳಲ್ಲಿ ಭಾಗವಹಿಸಿದರು. ೬೬.೨೮ ಮೀಟರುಗಳ ರಾಷ್ಟ್ರೀಯ ದಾಖಲೆಯನ್ನು ೨೦೧೨ರಲ್ಲಿ ಬರೆದು, ಅದೇ ವರ್ಷ ಲಂಡನ್ ಒಲಿಂಪಿಕ್ಸಿನಲ್ಲಿ ಎಂಟನೆಯವರಾದರು. ೨೦೧೪ರಲ್ಲಿ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟದಲ್ಲಿ ೬೩.೬೪ ಮೀಟರು ಎಸೆದು ಚಿನ್ನವನ್ನು ಪಡೆದಾಗ ಅವರ ಪ್ರಾಯ ಮೂವತ್ತೊಂದು. ಸುಶ್ರುತನು ಸಂಪೂರ್ಣತೆಯೆಂದು ಕರೆದ ಮೆಟ್ಟಿಲು ಅದೇ.

ಕೇರಳದಲ್ಲಿ ಹುಟ್ಟಿ ಬೆಂಗಳೂರನ್ನು ನೆಲೆಯಾಗಿ ಮಾಡಿಕೊಂಡ ಅಂಜು ಬಾಬಿ ಜಾರ್ಜ್ ಅವರು ಎಳವೆಯಲ್ಲಿ ಉದ್ದ ಜಿಗಿತವೊಂದನ್ನೇ ಹಿಡಿದವರಲ್ಲ. ಏಳು ಸ್ಪರ್ಧೆಗಳು ಕೂಡಿದ ಹೆಪ್ಟಾಥ್ಲಾನಿನಲ್ಲಿಯೂ ಪಳಗಿದವರು. ೨೦೦೩ರಲ್ಲಿ ಪ್ಯಾರಿಸಿನ ವಿಶ್ವ ಚಾಂಪಿಯನ್‌ಶಿಪ್ಪಿನಲ್ಲಿ ೬.೭೦ ಮೀಟರು ಜಿಗಿದು ಕಂಚನ್ನು ಗೆದ್ದಾಗ ಅವರಿಗೆ ಇಪ್ಪತ್ತಾರು ವರ್ಷ. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವದು. ಅವರ ತರಬೇತುದಾರರಾದ ಪತಿ ರಾಬರ್ಟ್ ಬಾಬಿ ಜಾರ್ಜ್ ಅವರು ಬಳಿಕ ಬೆಂ​ಗಳೂರಿನಲ್ಲಿ, ಝಾನ್ಸಿಯಿಂದ ಬಂದ ಶೈಲಿ ಸಿಂಗ್ ಎಂಬ ಬಾಲಿಕೆಯನ್ನು ಹದಿನಾಲ್ಕರ ಸುಮಾರಿನಿಂದ ತಯಾರುಮಾಡಿದರು. ಬಟ್ಟೆ ಹೊಲಿದು ಸಂಸಾರ ನಡೆಸಿದ ತಾಯಿಯ ಮಗಳು ಆಕೆ. ೨೦೨೧ರಲ್ಲಿ ನೈರೋಬಿಯಲ್ಲಿ ನಡೆದ ಇಪ್ಪತ್ತರೊಳಗಿನವರ ವಿಶ್ವಕೂಟದಲ್ಲಿ ಆಕೆ ೬.೫೯ ಮೀಟರು ಜಿಗಿದು, ಒಂದೇ ಒಂದು ಸೆಂಟಿಮೀಟರಿನಿಂದ ಚಿನ್ನವನ್ನು ಕಳೆದುಕೊಂಡು ಬೆಳ್ಳಿಯನ್ನು ಪಡೆದಳು. ಎರಡು ವರ್ಷಗಳ ಮೇಲೆ, ೨೦೨೩ರಲ್ಲಿ, ಬೆಂಗಳೂರಿನಲ್ಲಿಯೇ ೬.೭೬ ಮೀಟರನ್ನು ಮುಟ್ಟಿದಳು. ಎರಡು ವರ್ಷಗಳಲ್ಲಿ ಹದಿನೇಳು ಸೆಂಟಿಮೀಟರು. ಹೊರಗಿನಿಂದ ನೋಡುವವರಿಗೆ ಅದು ಒಂದು ಗೇಣು ಮಾತ್ರ; ಒಳಗಿನವರಿಗೆ ಅದು ಎರಡು ವರ್ಷಗಳ ನಿತ್ಯಕರ್ಮ.

ಭರ್ಜಿಯ ನೀರಜ್ ಚೋಪ್ರಾ ಅವರ ಲೆಕ್ಕವೂ ಇಂತಹುದೇ. ೨೦೧೬ರಲ್ಲಿ ಹದಿನೆಂಟರ ಪ್ರಾಯದಲ್ಲಿ ೮೬.೪೮ ಮೀಟರು ಎಸೆದು ಇಪ್ಪತ್ತರೊಳಗಿನವರ ವಿಶ್ವದಾಖಲೆಯನ್ನು ಮಾಡಿದರು. ೨೦೨೧ರಲ್ಲಿ ಟೋಕಿಯೋದಲ್ಲಿ ಒಲಿಂಪಿಕ್ ಚಿನ್ನವನ್ನು ತಂದ ಎಸೆತವು ೮೭.೫೮ ಮೀಟರು. ನಡುವೆ ೨೦೧೯ರಲ್ಲಿ ಮೊಣಕೈಗೆ ಶಸ್ತ್ರಚಿಕಿತ್ಸೆ. ಐದು ವರ್ಷಗಳ ಅಂತರದ ಈ ಎರಡು ಎಸೆತಗಳ ನಡುವಣ ವ್ಯತ್ಯಾಸವು ಒಂದು ಮೀಟರಿಗಿಂತ ಸ್ವಲ್ಪ ಹೆಚ್ಚು. ಹದಿನೆಂಟರ ದಾಖಲೆಯನ್ನೇ ಕೊನೆಯೆಂದು ತಿಳಿದು, ಮರುವರ್ಷವೇ ತೊಂಬತ್ತು ಮೀಟರು ಬೇಕೆಂದು ಯಾರಾದರೂ ಅವರ ತೋಳನ್ನು ಹಿಂಡಿದ್ದರೆ, ಟೋಕಿಯೋದ ಆ ದಿನವು ಬರುತ್ತಿತ್ತೆಂದು ಹೇಳುವಂತಿಲ್ಲ.

೬

ಈ ಹೆಸರುಗಳನ್ನೆಲ್ಲ ಕೇಳಿದ ಮೇಲೆ, ಅಜ್ಜಂಪುರ ತರೀಕೆರೆ ಕಡೂರುಗಳ ತಂದೆಯೊಬ್ಬನು ಕೇಳಬಹುದಾದ ಪ್ರಶ್ನೆ ನ್ಯಾಯವಾದುದೇ ಆಗಿದೆ. ಮಗನಿಗೆ ಇಪ್ಪತ್ತಾರು ಆಗುವವರೆಗೆ ಕಾಯಬೇಕಾದರೆ ಅಲ್ಲಿಯವರೆಗೆ ಉಣಿಸುವವರು ಯಾರು? ಎರಡು ಎಕರೆ ಅಡಿಕೆಯನ್ನೋ ಈರುಳ್ಳಿಯನ್ನೋ ನಂಬಿದ ಮನೆಯಲ್ಲಿ, ಹದಿನಾಲ್ಕರಲ್ಲಿ ದೊರೆತ ಪದಕವೆಂದರೆ ಕ್ರೀಡಾನಿಲಯದಲ್ಲಿ ಊಟ, ಕಾಲೇಜಿನಲ್ಲಿ ಒಂದು ಸ್ಥಾನ, ಮುಂದೆ ಪೊಲೀಸಿನಲ್ಲಿಯೋ ರೈಲ್ವೆಯಲ್ಲಿಯೋ ಒಂದು ನೌಕರಿಯ ಆಸೆ. ಅವಸರವು ಇಲ್ಲಿ ದುರಾಶೆಯಿಂದ ಹುಟ್ಟಿದುದಲ್ಲ, ಹಸಿವಿನಿಂದ ಹುಟ್ಟಿದುದು. ಮಗನ ಪ್ರಾಯವನ್ನು ಕಾಗದದಲ್ಲಿ ಎರಡು ವರ್ಷ ಇಳಿಸಿ ಬರೆಯಿಸುವ ದುರಭ್ಯಾಸದ ಬೇರೂ ಇಲ್ಲಿಯೇ ಇರುವುದು. ಅದನ್ನು ತಡೆಯಲು ಎಲುಬಿನ ಚಿತ್ರವನ್ನು ತೆಗೆದು ಪ್ರಾಯವನ್ನು ಅಳೆಯುವ ಪರೀಕ್ಷೆಗಳು ಬಂದಿವೆ. ಆದರೆ ಪರೀಕ್ಷೆಯು ಸುಳ್ಳನ್ನು ಹಿಡಿಯಬಲ್ಲುದು. ಸುಳ್ಳು ಹೇಳಬೇಕಾದ ಅವಸ್ಥೆಯನ್ನು ಹೋಗಲಾಡಿಸಲಾರದು.

ಚರಿತ್ರೆಯು ಇದಕ್ಕೆ ಕೊಡುವ ಉತ್ತರವು ಸ್ಪಷ್ಟವಾಗಿದೆ. ಕಾವಲಿನ ಹೋರಿಯನ್ನು ನಾಲ್ಕು ವರ್ಷ ಕಾದವರು ಅದನ್ನು ನಾಲ್ಕು ವರ್ಷ ಮೇಯಿಸಿದರು. ಭೂಲೋಕಮಲ್ಲನು ಮಲ್ಲರ ವಿಂಗಡಣೆಯ ಪಕ್ಕದಲ್ಲಿಯೇ ಹಾಲು ಬೇಳೆಗಳನ್ನೂ ಬರೆದನು. ಬೆಳಗಾವಿಯ ಹುಡುಗನ ಹಡಗಿನ ವೆಚ್ಚಕ್ಕೆ ಒಬ್ಬ ಟಾಟಾ ಬೇಕಾಯಿತು. ಉಣಿಸದೆ ತಾಳ್ಮೆಯನ್ನು ಉಪದೇಶಿಸುವುದು ಹಸಿದವನಿಗೆ ವೇದಾಂತವನ್ನು ಹೇಳಿದಂತೆ. ೧೮೬೦ರ ಸರಕಾರಕ್ಕೆ ದುಡಿಯದ ಕರುಗಳು ವ್ಯರ್ಥವೆಚ್ಚವಾಗಿ ಕಂಡುವು. ಗೆಲ್ಲದ ಮಕ್ಕಳನ್ನು ವ್ಯರ್ಥವೆಂದು ಕಾಣುವ ಕ್ರೀಡಾವ್ಯವಸ್ಥೆಯೂ ಅದೇ ತಪ್ಪನ್ನು ಮಾಡಿ, ಅದೇ ಪಶ್ಚಾತ್ತಾಪವನ್ನು ಪಡುವುದು.

ಆದರೆ ಎಲ್ಲವೂ ಸರಕಾರದ ಕೈಯಲ್ಲಿಲ್ಲ. ಹೋಬಳಿಮಟ್ಟದ ಕ್ರೀಡಾಕೂಟದಲ್ಲಿ ಒಬ್ಬನೇ ಹುಡುಗನನ್ನು ಒಂದೇ ದಿನ ನೂರು, ಇನ್ನೂರು, ನಾನ್ನೂರು ಮೀಟರುಗಳಲ್ಲಿ ಓಡಿಸಿ, ಸಂಜೆಗೆ ರಿಲೇಯಲ್ಲಿಯೂ ನಿಲ್ಲಿಸುವುದನ್ನು ಬಿಡಬಹುದು. ಇದಕ್ಕೆ ಹಣ ಬೇಡ. ಹದಿನಾಲ್ಕರೊಳಗಿನ ಮಗುವಿಗೆ ಒಂದೇ ಸ್ಪರ್ಧೆಯನ್ನು ಗಂಟುಹಾಕದೆ ಓಟ, ನೆಗೆತ, ಎಸೆತಗಳು ಮೂರನ್ನೂ ಆಡಿಸಬಹುದು. ವರ್ಷಕ್ಕೆ ಎರಡು ಬಾರಿ ಮಕ್ಕಳ ಎತ್ತರವನ್ನು ಶಾಲೆಯ ಗೋಡೆಯ ಮೇಲೆ ಗುರುತುಹಾಕಿ, ಬೇಗ ಬೆಳೆಯುತ್ತಿರುವವನ ಅಭ್ಯಾಸವನ್ನು ಆ ತಿಂಗಳುಗಳಲ್ಲಿ ಇಳಿಸಬಹುದು. ಒಂದು ಸುಣ್ಣದ ಗೆರೆಯ ಖರ್ಚು ಇದಕ್ಕೆ ಸಾಕು. ಸೋತ ಹುಡುಗನನ್ನೂ ಮರುವರ್ಷ ಕರೆಯಬಹುದು. ಇದಿಷ್ಟನ್ನು ಮಾಡಿದ ದೈಹಿಕ ಶಿಕ್ಷಕನ ಹೆಸರು ಯಾವ ಫಲಕದಲ್ಲಿಯೂ ಬರುವುದಿಲ್ಲ. ಅವನ ಹುಡುಗರು ಇಪ್ಪತ್ತೈದರಲ್ಲಿಯೂ ಓಡುತ್ತಿರುತ್ತಾರೆ.

ಇದಕ್ಕೆ ದೃಷ್ಟಾಂತವನ್ನು ದೂರದಲ್ಲಿ ಹುಡುಕಬೇಕಾಗಿಲ್ಲ. ಚಿಕ್ಕಮಗಳೂರು ಜಿಲ್ಲೆಯವಳೇ ಆದ ರಕ್ಷಿತಾ ರಾಜು ಎಂಬ ಅಂಧ ಓಟಗಾರ್ತಿಯು ೨೦೧೮ರಲ್ಲಿ ಜಕಾರ್ತಾದ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ೧೫೦೦ ಮೀಟರ್ ಓಟದ ಚಿನ್ನವನ್ನು ಗೆದ್ದಳು. ಅಲ್ಲಿಗೇ ನಿಲ್ಲದೆ, ೨೦೨೩ರಲ್ಲಿ ಹಾಂಗ್‌ಝೌ ನಗರದಲ್ಲಿ ಅದೇ ಓಟದ ಚಿನ್ನವನ್ನು ಮತ್ತೆ ಗೆದ್ದು, ೨೦೨೪ರಲ್ಲಿ ಪ್ಯಾರಿಸಿನ ಪ್ಯಾರಾಲಿಂಪಿಕ್ಸಿನಲ್ಲಿ ಓಡಿದಳು. ಬಾಲಕರ ಪಂದ್ಯವನ್ನೂ ದೊಡ್ಡವರ ಪಂದ್ಯವನ್ನೂ ಗೆಲ್ಲುವವರು ವಿರಳವೆಂದ ಅರಿಸ್ಟಾಟಲನು ಈ ಹೆಣ್ಣುಮಗಳ ಬಾಳನ್ನು ಕಂಡಿದ್ದರೆ ಮೆಚ್ಚಿಕೊಳ್ಳುತ್ತಿದ್ದನು. ಅವಳ ತರಬೇತುದಾರರಾದ ರಾಹುಲ್ ಬಾಲಕೃಷ್ಣ ಅವರು ಅವಳಿಗೆ ದಾರಿ ತೋರುವ ಜೊತೆಗಾರರಾಗಿಯೂ ಓಡಿದವರು.

ಅಂಧರ ಓಟದಲ್ಲಿ ಓಡುವವಳ ಕೈಗೂ ಜೊತೆಗಾರನ ಕೈಗೂ ಒಂದು ಸಣ್ಣ ದಾರವಿರುತ್ತದೆ. ಅದಕ್ಕೆ ನಿಯಮಗಳು ಎರಡು. ಜೊತೆಗಾರನು ಅವಳನ್ನು ಮುಂದಕ್ಕೆ ಎಳೆಯಕೂಡದು. ಗುರಿಯ ಗೆರೆಯನ್ನು ಅವಳಿಗಿಂತ ಮೊದಲು ಅವನು ದಾಟಕೂಡದು. ದಾಟಿದರೆ ಅವಳ ಓಟವೇ ಅಸಿಂಧುವಾಗುವುದು. ಕಣ್ಣುಳ್ಳ ಮಕ್ಕಳಿಗೆ ಓಟವನ್ನು ಕಲಿಸುವವರಿಗೂ, ಅವರ ತಂದೆತಾಯಿಗಳಿಗೂ, ಅವರ ಶಾಲೆಗಳಿಗೂ ಈ ಎರಡು ನಿಯಮಗಳಿಗಿಂತ ಹೆಚ್ಚಿನದೇನೂ ಬೇಕಾಗಿಲ್ಲ.